ಹಿಮಪಾದುಕೆಯ ಜಾಡಿನಲ್ಲಿ ಆರು ದಿನ

ಮೊದಲ ದಿನ: ಡೆಟ್ರಾಯ್ಟಿನಿಂದ ಸೂ ಸೇಂಟ್ ಮೇರಿಗೆ

ಆನ್ ಆರ್ಬರ್ ಊರಿನ ಹಳೆಯ ಪುಸ್ತಕಗಳ ಅಂಗಡಿಯೊಂದರಲ್ಲಿ ಎರಡು ವರ್ಷಗಳ ಹಿಂದೆ ಕೊಂಡ ದಪ್ಪನೆಯ ನಿಘಂಟೊಂದು ಈ ಪ್ರವಾಸಕ್ಕೆ ಕಾರಣ. ಅದು ಉತ್ತರ ಅಮೆರಿಕದ ಮಹಾಸರೋವರಗಳ ಸುತ್ತ ನೆಲೆಸಿರುವ ಮೂಲನಿವಾಸಿಗಳಾದ ಒಜಿಬ್ವೆ ಜನರ ಭಾಷೆಯ ನಿಘಂಟು. 1853ರಲ್ಲಿ ಸಿನ್ಸಿನಾಟಿಯಲ್ಲಿ ಅಚ್ಚಾದದ್ದು, 1992ರಲ್ಲಿ ಮತ್ತೆ ಮುದ್ರಣ ಕಂಡದ್ದು. ಅದನ್ನು ಕಟ್ಟಿದವರು ಒಜಿಬ್ವೆಯವರೂ ಅಲ್ಲ, ಆ ಪದಗಳಿಗೆ ಅರ್ಥ ಕೊಟ್ಟಿರುವ ಇಂಗ್ಲಿಷ್ ಅವರ ಮನೆಮಾತೂ ಅಲ್ಲ. ಇಂದಿನ ಸ್ಲೊವೇನಿಯಾದಲ್ಲಿ ಹುಟ್ಟಿ, ಮೂವತ್ತಮೂರನೆಯ ವಯಸ್ಸಿನಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಬಂದು, ಮುಂದೆ ಮಿಷಿಗನ್ನಿನ ಉತ್ತರ ಭಾಗಕ್ಕೆ ಮೊದಲ ಕಥೋಲಿಕ ಧರ್ಮಾಧ್ಯಕ್ಷರಾದ (ಬಿಷಪ್) ಫ್ರೆಡರಿಕ್ ಬರಗಾ ಅವರು ಅದರ ಕರ್ತೃ. ಆ ನಿಘಂಟು ಅಚ್ಚಾದ 1853ರಲ್ಲಿಯೇ ಕಿಟ್ಟೆಲ್ ಅವರು ನಮ್ಮ ನಾಡಿಗೆ ಬಂದರೆಂಬುದು ನನಗೆ ಕಂಡ ಕಾಕತಾಳೀಯ. ಇಬ್ಬರ ಪಂಥ ಬೇರೆ, ದಾರಿ ಬೇರೆ. ಆದರೂ ಕನ್ನಡಿಗನೊಬ್ಬನ ಕೈಗೆ ಇಂಥ ಪುಸ್ತಕ ಸಿಕ್ಕಿದಾಗ ಆ ಹೆಸರು ನೆನಪಾಗದೆ ಇರಲಾರದು.

ಬಳ್ಳಾರಿಯವಳಾದ ನನ್ನ ಹೆಂಡತಿಗೆ ಮಾತ್ರ ನೆನಪಾದದ್ದು ಧಾನ್ಯ. "ಬರಗಾ ಅಂದ್ರ ನಮ್ಮ ಬರಗು ಇದ್ದಂಗ ಐತಲ್ರೀ" ಎಂದು ನಕ್ಕಳು. ಆ ನಗೆಯಲ್ಲಿಯೇ ಸೆಪ್ಟೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ ಡೆಟ್ರಾಯ್ಟ್ ಬಿಟ್ಟೆವು. ಈ ಊರಿಗೂ ಬರಗಾ ಅವರಿಗೂ ನಂಟಿದೆ: ಅವರು ಒಟ್ಟಾವಾ ಎಂಬ ಇನ್ನೊಂದು ಮೂಲನಿವಾಸಿ ಜನರ ಭಾಷೆಯಲ್ಲಿ ಬರೆದ ಪ್ರಾರ್ಥನಾ ಪುಸ್ತಕ 1832ರಲ್ಲಿ ಇಲ್ಲಿಯೇ ಅಚ್ಚಾಯಿತು. 1830ರ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲಿ ಇಳಿದು, ಮರುತಿಂಗಳು ಸಿನ್ಸಿನಾಟಿ ತಲುಪಿ, 1831ರ ಬೇಸಿಗೆಯ ಹೊತ್ತಿಗೆ ಒಟ್ಟಾವಾ ಜನರ ನಡುವೆ ಇದ್ದ ವ್ಯಕ್ತಿ ಬಂದ ಮರುವರ್ಷವೇ ಆ ಭಾಷೆಯಲ್ಲಿ ಪುಸ್ತಕ ಮುದ್ರಿಸಿದ್ದರು. ನಾನು ಈ ದೇಶಕ್ಕೆ ಬಂದ ಮರುವರ್ಷ ಫೋನಿನಲ್ಲಿ ಇಂಗ್ಲಿಷ್ ಮಾತನಾಡಲು ಅಂಜುತ್ತಿದ್ದೆ.

ಅವರ ಆ ಮೊದಲ ನೆಲೆ ನಮ್ಮ ದಾರಿಗೆ ಪಶ್ಚಿಮದಲ್ಲಿ, ಮಿಷಿಗನ್ ಸರೋವರದ ದಡದಲ್ಲಿತ್ತು. ಅತ್ತ ತಿರುಗಲು ಸಮಯವಿರಲಿಲ್ಲ. ಸುಮಾರು ಐದು ಮೈಲಿ ಉದ್ದದ ಮ್ಯಾಕಿನಾ ಸೇತುವೆ ದಾಟಿ ಸಂಜೆಗೆ ಸೂ ಸೇಂಟ್ ಮೇರಿ ಮುಟ್ಟಿದಾಗ, ಮೊದಲೇ ಕಾದಿರಿಸಿದ್ದ ವಸತಿಗೃಹದ ಪಟ್ಟಿಯಲ್ಲಿ ನಮ್ಮ ಹೆಸರೇ ಇರಲಿಲ್ಲ. ಒಂದು ಗಂಟೆಯ ವಾದದ ಬಳಿಕ ಬೇರೆ ಕಡೆ ಕೋಣೆ ಹಿಡಿದು, ತಂದಿದ್ದ ಚಿತ್ರಾನ್ನ ಉಂಡು ಮಲಗಿದೆವು.

ಎರಡನೆಯ ದಿನ: ಧರ್ಮಾಧ್ಯಕ್ಷರ ಮನೆ

ನದಿಯ ದಡದ ವಾಟರ್ ಸ್ಟ್ರೀಟಿನಲ್ಲಿ ಬರಗಾ ಅವರ ಮನೆಯನ್ನು ಉಳಿಸಿಕೊಂಡಿದ್ದಾರೆ. ಬಾಗಿಲು ಮುಚ್ಚಿತ್ತು, ಕಿಟಕಿಯ ಗಾಜಿಗೆ ಹಣೆ ತಾಗಿಸಿ ಇಣುಕಿದೆವು. ಧರ್ಮಾಧ್ಯಕ್ಷರ ನಿವಾಸವೆಂದರೆ ಮನಸ್ಸು ಅರಮನೆಯಂಥದ್ದನ್ನು ಎದುರುನೋಡುತ್ತದೆ, ಇದು ಸಾಧಾರಣ ಮರದ ಮನೆ. ಅದರ ನೆರೆಯಲ್ಲಿರುವ ಜಾನ್‌ಸ್ಟನ್ ಮನೆತನದ ಮನೆಗೆ ಬೇರೆಯದೇ ಮಹತ್ವವಿದೆ: ಒಜಿಬ್ವೆ ತಾಯಿಯ ಮಗಳಾಗಿ ಹುಟ್ಟಿ, ಇಂಗ್ಲಿಷಿನಲ್ಲಿಯೂ ಒಜಿಬ್ವೆಯಲ್ಲಿಯೂ ಕವಿತೆ ಬರೆದ ಜೇನ್ ಜಾನ್‌ಸ್ಟನ್ ಸ್ಕೂಲ್‌ಕ್ರಾಫ್ಟ್ ಆ ಮನೆತನದವರು. ಈ ಭಾಷೆಯನ್ನು ಬರಹಕ್ಕೆ ಇಳಿಸಿದವರು ಹೊರಗಿನಿಂದ ಬಂದ ಪಾದ್ರಿಗಳು ಮಾತ್ರ ಎಂದುಕೊಂಡು ಬರುವವರು ಆ ಮನೆಯ ಮುಂದೆಯೂ ಒಂದು ಗಳಿಗೆ ನಿಲ್ಲಬೇಕು.

ಬರಗಾ ಅವರು ಈ ಊರಿಗೆ ಬಂದದ್ದು ಪದವಿ ಬಂದ ಮೇಲೆ. ರೋಮ್ ನೇರವಾಗಿ ನೋಡಿಕೊಳ್ಳುವ ಮಿಷನ್ ಪ್ರಾಂತ್ಯದ ಹೊಣೆ ಹೊತ್ತು, 1853ರ ನವೆಂಬರ್ 1ರಂದು ಸಿನ್ಸಿನಾಟಿಯ ಪ್ರಧಾನಾಲಯದಲ್ಲಿ ಅವರು ಧರ್ಮಾಧ್ಯಕ್ಷ ದೀಕ್ಷೆ ಪಡೆದರು. 1857ರಲ್ಲಿ ಸೂ ಸೇಂಟ್ ಮೇರಿ ಪೂರ್ಣ ಧರ್ಮಕ್ಷೇತ್ರವಾಯಿತು. ಹೊಸ ಧರ್ಮಾಧ್ಯಕ್ಷರು ತಮ್ಮ ಜನರಿಗೆ ಬರೆದ ಮೊದಲ ಪತ್ರ ಇಂಗ್ಲಿಷಿನಲ್ಲಿಯೂ ಒಜಿಬ್ವೆಯಲ್ಲಿಯೂ ಹೊರಟಿತು. ಕ್ಷೇತ್ರ ದೊಡ್ಡದು, ಗುರುಗಳು ಕೈಬೆರಳಲ್ಲಿ ಎಣಿಸುವಷ್ಟು, ಹಣ ಇಲ್ಲವೇ ಇಲ್ಲ. ಅದು ಬರಬೇಕಾದದ್ದು ವಿಯೆನ್ನಾದ ಲಿಯೊಪೊಲ್ಡೀನ್ ಸಂಘದಂಥ ಯೂರೋಪಿನ ಧರ್ಮಾರ್ಥ ನಿಧಿಗಳಿಂದ. ಮೈನರ್ ಜಾಗದಿಂದ ಮೇಜರ್ ಜಾಗಕ್ಕೆ ಬಡ್ತಿ ಎಂದು ನಾವು ಎಣಿಸುವ ಈ ಪದವಿ ಅವರ ಪಾಲಿಗೆ ಇನ್ನಷ್ಟು ದೂರ ನಡೆಯುವ ಅಪ್ಪಣೆಯಾಗಿತ್ತು ಎಂದು ನನಗೆ ತೋರುತ್ತದೆ.

ಹಾಗೆ ನಡೆಯಬೇಕಾದ ಮನುಷ್ಯರೇನೂ ಅವರಾಗಿರಲಿಲ್ಲ. 1797ರ ಜೂನ್ 29ರಂದು ಆಸ್ಟ್ರಿಯಾದ ದೊರೆಗಳ ಆಳ್ವಿಕೆಯಲ್ಲಿದ್ದ ಕಾರ್ನಿಯೋಲಾ ಪ್ರಾಂತ್ಯದ ಮಾಲಾ ವಾಸ್ ಎಂಬಲ್ಲಿ, ಜಮೀನಿದ್ದ ಮನೆಯಲ್ಲಿ ಹುಟ್ಟಿದವರು. ಹದಿನೈದು ತುಂಬುವ ವೇಳೆಗೆ ತಾಯಿತಂದೆ ಇಬ್ಬರನ್ನೂ ಕಳೆದುಕೊಂಡರು. ಲ್ಯುಬ್ಲಿಯಾನಾದಲ್ಲಿ ಅವರಿಗೆ ಆಶ್ರಯ ಕೊಟ್ಟ ಪ್ರಾಧ್ಯಾಪಕ ಡೋಲಿನಾರ್ ಅವರ ಮಗಳೊಡನೆ ಮದುವೆ ನಿಶ್ಚಯವಾಗಿತ್ತು. ವಿಯೆನ್ನಾದಲ್ಲಿ ಕಾನೂನು ಓದಿ 1821ರಲ್ಲಿ ಪದವಿ ಪಡೆದವರು ಆ ನಿಶ್ಚಯವನ್ನು ಬಿಟ್ಟರು, ಪಿತ್ರಾರ್ಜಿತವನ್ನು ಸಹೋದರಿಗೆ ಒಪ್ಪಿಸಿದರು, ಗುರುಮಠ ಸೇರಿ 1823ರಲ್ಲಿ ಗುರುದೀಕ್ಷೆ ಪಡೆದರು. ಆಗ ಅಲ್ಲಿನ ಧರ್ಮಸಭೆಯಲ್ಲಿ ಜಾನ್ಸೆನಿಸ್ಟರೆಂಬ ಕಟ್ಟುನಿಟ್ಟಿನ ಪಂಗಡದವರ ಪ್ರಭಾವವಿತ್ತು. ಪಾಪನಿವೇದನೆಗೆ ಬಂದವರನ್ನು ಮೃದುವಾಗಿ ಕಾಣುತ್ತಿದ್ದ ಈ ಯುವಗುರುವಿನ ಬಳಿ ಜನ ಸಾಲುಗಟ್ಟಿದ್ದು ಹಲವರಿಗೆ ಹಿಡಿಸಲಿಲ್ಲ, ದೂರದ ಮೆಟ್ಲಿಕಾಗೆ ವರ್ಗವಾಯಿತು. ಆ ಮುನಿಸು ಅವರನ್ನು ಹಡಗು ಹತ್ತಿಸಿತೆಂದು ಹೇಳಿದರೆ ಅತಿಯಾದೀತು, ಆದರೆ ಊರಿನಲ್ಲಿ ಉಳಿಸಿಕೊಳ್ಳುವಂಥದ್ದೂ ಅದಾಗಿರಲಿಲ್ಲ.

ಹೊರಡುವ ಮುನ್ನ, ನೀರಿನ ಮಟ್ಟ ಏರಿಸಿ ಇಳಿಸಿ ಹಡಗುಗಳನ್ನು ದಾಟಿಸುವ ಕಟ್ಟೆಗಳನ್ನು, ಅಂದರೆ ಲಾಕ್‌ಗಳನ್ನು, ನೋಡಿದೆವು. ಸುಪೀರಿಯರ್ ಸರೋವರ ಇಲ್ಲಿ ಇಪ್ಪತ್ತು ಅಡಿಗೂ ಹೆಚ್ಚು ಇಳಿಯುವುದರಿಂದ, 1855ರಲ್ಲಿ ಲಾಕ್ ತೆರೆಯುವವರೆಗೆ ಸರಕನ್ನೆಲ್ಲ ಇಳಿಸಿ, ನೆಲದ ಮೇಲೆ ಸಾಗಿಸಿ, ಮತ್ತೆ ಏರಿಸಬೇಕಾಗಿತ್ತು. ಸಾವಿರ ಅಡಿಯ ಅದಿರಿನ ಹಡಗೊಂದು ಲೋಟದೊಳಗಿನ ಸೌಟಿನಂತೆ ಸದ್ದಿಲ್ಲದೆ ಕೆಳಗಿಳಿಯುವುದನ್ನು ನೋಡುತ್ತ ಅರ್ಧ ಗಂಟೆ ಕಳೆಯಿತು. ಮಧ್ಯಾಹ್ನ ಪಶ್ಚಿಮಕ್ಕೆ ಹೊರಟರೆ ಸೆನಿ ಎಂಬಲ್ಲಿ ಇಪ್ಪತ್ತೈದು ಮೈಲಿ ದಾರಿ ದಾರ ಹಿಡಿದು ಗೆರೆ ಎಳೆದಂತೆ ನೇರವಾಗಿದೆ. ಎರಡೂ ಕಡೆ ಜೌಗು. ಕಾರಿನಲ್ಲೇ ಆಕಳಿಕೆ ಬರುವ ಈ ಸೀಮೆಯನ್ನು ಮನುಷ್ಯರು ಚಳಿಗಾಲದಲ್ಲಿ ಕಾಲ್ನಡಿಗೆಯಲ್ಲಿ ದಾಟುತ್ತಿದ್ದರು.

ಮೂರನೆಯ ದಿನ: ಮಾರ್ಕೆಟ್

ಮಾರ್ಕೆಟ್ ಎಂದರೆ ಇಲ್ಲಿ ಸಂತೆಯಲ್ಲ. ಹದಿನೇಳನೆಯ ಶತಮಾನದ ಜೆಸ್ವಿತ್ ಗುರುವೊಬ್ಬರ ಹೆಸರು ಹೊತ್ತ ಊರು. ಹತ್ತಿರದ ಗುಡ್ಡಗಳಲ್ಲಿ ಕಬ್ಬಿಣದ ಅದಿರು, ಉತ್ತರದ ಕೀವಿನಾ ಪರ್ಯಾಯದ್ವೀಪದಲ್ಲಿ ತಾಮ್ರ ಸಿಕ್ಕ ಮೇಲೆ ಐರಿಷರು, ಜರ್ಮನರು, ಫ್ರೆಂಚ್ ಕೆನಡಿಯನ್ನರು ಗಣಿಗಳಿಗೆ ಮುಗಿಬಿದ್ದರು. ಧರ್ಮಾಧ್ಯಕ್ಷರ ಹಿಂಡು ನೋಡನೋಡುತ್ತಲೇ ಬದಲಾಯಿತು: ಒಜಿಬ್ವೆಯರಿಗಾಗಿ ಬಂದವರು ವಲಸಿಗರಿಗೆ ಕುರುಬರಾದರು. ಅವರ ದಿನಚರಿಯಲ್ಲಿ ಜರ್ಮನ್, ಇಂಗ್ಲಿಷ್, ಫ್ರೆಂಚ್, ಸ್ಲೊವೇನಿಯನ್, ಒಜಿಬ್ವೆ, ಲ್ಯಾಟಿನ್ ಎಲ್ಲವೂ ಬೆರೆತು ಬರುತ್ತವೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ಇಂಗ್ಲಿಷ್ ಆಡಿ ಬೆಳೆದ ಬಳ್ಳಾರಿಯವಳಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಬೆಳಿಗ್ಗೆ ಸಂತ ಪೇತ್ರರ ಪ್ರಧಾನಾಲಯಕ್ಕೆ ಹೋದೆವು. ಮರಳುಗಲ್ಲಿನ ಎರಡು ಗೋಪುರಗಳ ಈ ದೇವಾಲಯ 1879ರಲ್ಲಿಯೂ 1935ರಲ್ಲಿಯೂ ಬೆಂಕಿಗೆ ತುತ್ತಾಗಿ ಮತ್ತೆ ಎದ್ದದ್ದು. ಬರಗಾ ಅವರು ತಮ್ಮ ಪೀಠವನ್ನು 1866ರಲ್ಲಿ ಇಲ್ಲಿಗೆ ತಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಲ್ಟಿಮೋರಿನಲ್ಲಿ ಅಮೆರಿಕದ ಧರ್ಮಾಧ್ಯಕ್ಷರೆಲ್ಲರ ಮಹಾಸಭೆ ಸೇರಿದಾಗ ಅವರಿಗೆ ಪಾರ್ಶ್ವವಾಯು ಹೊಡೆಯಿತು. ಬೆಚ್ಚಗಿನ ದಕ್ಷಿಣದಲ್ಲಿಯೇ ಉಳಿಸಿಕೊಂಡು ಆರೈಕೆ ಮಾಡುವುದು ಉಳಿದವರ ಇಷ್ಟ. ತಮ್ಮನ್ನು ಮಾರ್ಕೆಟಿಗೇ ಕರೆದೊಯ್ಯಬೇಕೆಂಬುದು ಅವರ ಹಟ. ಅವರ ಹಟವೇ ಗೆದ್ದಿತು. ಒಂದು ವರ್ಷದ ಮೇಲೆ, 1868ರ ಜನವರಿ 19ರಂದು, ಹಿಮದ ನಡುಗಾಲದಲ್ಲಿ ಇಲ್ಲಿಯೇ ತೀರಿಕೊಂಡರು.

ಸಮಾಧಿಯಿರುವ ಪಕ್ಕದ ಪ್ರಾರ್ಥನಾಲಯದಲ್ಲಿ ಒಬ್ಬ ಮುದುಕಿ ಜಪಸರ ಹಿಡಿದು ಕುಳಿತಿದ್ದಳು. 2012ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಬರಗಾ ಅವರನ್ನು 'ಪೂಜ್ಯ'ರೆಂದು ಘೋಷಿಸಿದ್ದಾರೆ; ಸಂತಪದವಿಯ ಮೆಟ್ಟಿಲುಗಳಲ್ಲಿ ಅದೊಂದು. ನನ್ನ ಕುತೂಹಲ ಕೆರಳಿಸಿದ್ದು ಬೇರೆ ಸಂಗತಿ. ಅವರ ನಂತರ ಈ ಪೀಠಕ್ಕೆ ಬಂದ ಇಗ್ನೇಷಿಯಸ್ ಮ್ರಾಕ್, ಆಮೇಲೆ ಬಂದ ಜಾನ್ ವೆರ್ಟಿನ್ ಇಬ್ಬರೂ ಸ್ಲೊವೇನಿಯರೇ. ಒಬ್ಬ ಊರಿನವನು ಹೋಗಿ ನೆಲೆಯೂರಿ ಕಾಗದ ಬರೆದರೆ ಹಿಂದೆಯೇ ಹತ್ತು ಮಂದಿ ಹೊರಡುತ್ತಾರೆ. ಮುಂಬಯಿಯ ಉಡುಪಿ ಹೋಟೆಲುಗಳಲ್ಲಿ ನಾವು ಕಂಡ ವಲಸೆಯ ಲೆಕ್ಕ ಧರ್ಮಪೀಠಕ್ಕೂ ಹೊಂದುತ್ತದೆ. ಬರಗಾ ಅವರ ಪತ್ರಗಳನ್ನು ಯೂರೋಪಿನಲ್ಲಿ ಅಚ್ಚು ಹಾಕಿ ಹಂಚುತ್ತಿದ್ದರು.

ನಾಲ್ಕನೆಯ ದಿನ: ಬರಗಾ, ಅಸಿನಿನ್ಸ್, ಲಾನ್ಸ್

ಎಪ್ಪತ್ತು ಮೈಲಿ ಪಶ್ಚಿಮಕ್ಕೆ ಸರೋವರ ನೆಲದೊಳಗೆ ಚಾಚಿ ಕೊಲ್ಲಿಯಾಗಿದೆ. ಅದರ ತುದಿಯಲ್ಲಿ ಲಾನ್ಸ್, ಪಶ್ಚಿಮ ದಡದಲ್ಲಿ ಧರ್ಮಾಧ್ಯಕ್ಷರ ಹೆಸರನ್ನೇ ಹೊತ್ತ ಬರಗಾ ಊರು. ಇವೆರಡರ ನಡುವಿನ ಗುಡ್ಡದ ಮೇಲೆ ಲೋಹದಲ್ಲಿ ಮಾಡಿದ ಬೃಹತ್ ಪ್ರತಿಮೆ ನಿಂತಿದೆ: ಆಳೆತ್ತರವೇ ಮೂವತ್ತೈದು ಅಡಿ, ಒಂದು ಕೈಯಲ್ಲಿ ಶಿಲುಬೆ, ಇನ್ನೊಂದರಲ್ಲಿ ಹಿಮದಲ್ಲಿ ಹೂತುಹೋಗದೆ ನಡೆಯಲು ಕಾಲಿಗೆ ಕಟ್ಟುವಂಥ, ಇಪ್ಪತ್ತಾರು ಅಡಿಯ ಹಿಮಪಾದುಕೆಗಳು, ಕೆಳಗೆ ಉಕ್ಕಿನ ಮೋಡ, ಮೋಡವನ್ನು ಹೊತ್ತ ಐದು ಬಾಗಿದ ಮರದ ತೊಲೆಗಳು. ಐದು ತೊಲೆಗಳೆಂದರೆ ಅವರ ಐದು ಮುಖ್ಯ ಮಿಷನ್‌ಗಳು. ಭಕ್ತಿಗೆ ಎತ್ತರ ಬೇಕಾಗುತ್ತದೆ, ಒಪ್ಪೋಣ. ಆದರೆ ಜೀವನವಿಡೀ ನೆಲದ ಮೇಲೆ ನಡೆದವರನ್ನು ಮೋಡದ ಮೇಲೆ ನಿಲ್ಲಿಸಿದ್ದು ನನಗೆ ಅಷ್ಟಾಗಿ ರುಚಿಸಲಿಲ್ಲ.

ಹಿಮಪಾದುಕೆಯನ್ನು ಕೈಯಲ್ಲಿ ಹಿಡಿದು ನೋಡಿದ್ದು ಆಮೇಲೆ, ಊಟಕ್ಕೆ ಹೋದ ಪುಟ್ಟ ಹೋಟೆಲಿನಲ್ಲಿ. ಗೋಡೆಯ ಮೇಲೆ ಹಳೆಯದೊಂದು ಜೊತೆ ತೂಗುಹಾಕಿದ್ದರು. ಕೇಳಿದ ಕೂಡಲೇ ಇಳಿಸಿಕೊಟ್ಟರು. ಆ್ಯಶ್ ಎಂಬ ಮರದ ಎಳೆಯ ಪಟ್ಟಿಯನ್ನು ಹಬೆಯಲ್ಲಿ ಬಗ್ಗಿಸಿ ಮೀನಿನ ಆಕಾರಕ್ಕೆ ತಂದು, ನಡುವೆ ಹಸಿ ತೊಗಲಿನ ದಾರದಿಂದ ಜರಡಿಯಂತೆ ಹೆಣೆದಿದ್ದಾರೆ. ಪಾದದ ಮುಂಭಾಗವನ್ನು ಮಾತ್ರ ಬಾರಿನಿಂದ ಬಿಗಿದು ಹಿಮ್ಮಡಿಯನ್ನು ಬಿಡುತ್ತಾರೆ. ಹೆಜ್ಜೆ ಎತ್ತಿದಾಗ ಹಿಮ್ಮಡಿ ಮೇಲೇಳಬೇಕು, ಪಾದುಕೆಯ ಬಾಲ ಹಿಮದ ಮೇಲೆ ಎಳೆದುಕೊಂಡು ಬರಬೇಕು. ನೆಲದ ಮೇಲೆಯೇ ನಾಲ್ಕು ಹೆಜ್ಜೆ ಇಟ್ಟು ನೋಡಿದೆ. ಕಾಲನ್ನು ಅಗಲಿಸಿ ನಡೆಯದಿದ್ದರೆ ಒಂದರ ಮೇಲೊಂದು ಹತ್ತಿ ಮುಗ್ಗರಿಸುವುದು ಖಂಡಿತ, ಅಗಲಿಸಿ ನಡೆದರೆ ಐದು ನಿಮಿಷಕ್ಕೆ ತೊಡೆಸಂದಿ ಹಿಡಿಯುತ್ತದೆ. ಬರಗಾ ಅವರು ಇದನ್ನು ತೊಟ್ಟು ಹಲವು ದಿನಗಳ ದಾರಿ ನಡೆಯುತ್ತಿದ್ದರು, ರಾತ್ರಿ ಹಿಮವನ್ನು ಬಗೆದು ಬೆಂಕಿ ಹಾಕಿ ಬಯಲಿನಲ್ಲಿ ಮಲಗುತ್ತಿದ್ದರು. ಅರವತ್ತರ ಮೇಲೂ ಅದನ್ನು ಬಿಡಲಿಲ್ಲ.

ಬರಗಾ ಊರಿನ ಉತ್ತರಕ್ಕಿರುವ ಅಸಿನಿನ್ಸ್, 1843ರಲ್ಲಿ ಅವರು ಸ್ಥಾಪಿಸಿದ ಮಿಷನ್ ಹಳ್ಳಿ; ಇಲ್ಲಿ ಮೊದಲು ದೀಕ್ಷಾಸ್ನಾನ ಪಡೆದ ಒಜಿಬ್ವೆ ನಾಯಕನ ಹೆಸರು ಹಳ್ಳಿಗೆ ಉಳಿದಿದೆ. ಆ ಹೆಸರಿನ ಅರ್ಥ ಸಣ್ಣ ಕಲ್ಲು, ಹರಳು. ಮುಂದಿನ ಹತ್ತು ವರ್ಷ ಬರಗಾ ಅವರ ವಾಸ ಇಲ್ಲಿಯೇ. 1850ರಲ್ಲಿ ಬಂದ ಒಜಿಬ್ವೆ ವ್ಯಾಕರಣವೂ 1853ರ ನಿಘಂಟೂ ಈ ಕಾಲದವು.

ಮರದ ಕೆಳಗೆ ಕುಳಿತು ನಿಘಂಟನ್ನು ತೆರೆದೆವು. ಒಜಿಬ್ವೆಯಲ್ಲಿ ನಾಮಪದಗಳು ಜೀವವುಳ್ಳವು, ಜೀವವಿಲ್ಲದವು ಎಂದು ಎರಡು ಬಗೆ, ಕ್ರಿಯಾಪದವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಮನುಷ್ಯನನ್ನು 'ನೋಡುತ್ತೇನೆ' ಎನ್ನಲು ಒಂದು ರೂಪ, ದೋಣಿಯನ್ನು ನೋಡಲು ಇನ್ನೊಂದು. ಕಲ್ಲು ಆ ಭಾಷೆಯಲ್ಲಿ ಜೀವವುಳ್ಳ ಪಂಗಡಕ್ಕೆ ಸೇರುತ್ತದೆ, ಹಿಮಪಾದುಕೆಯೂ ಅಷ್ಟೆ. ಪುಸ್ತಕ ಮಾತ್ರ ಜೀವವಿಲ್ಲದ್ದು. ಲ್ಯಾಟಿನ್ ಕಲಿತು ಬಂದವರಿಗೆ ಈ ವಿಂಗಡಣೆ ತಲೆಗೆ ಹತ್ತಲು ಎಷ್ಟು ಚಳಿಗಾಲ ಬೇಕಾದವೋ. ಇದಕ್ಕಿಂತ ಸೂಕ್ಷ್ಮವಾದದ್ದು 'ನಾವು'. ಕೇಳುವವನನ್ನು ಸೇರಿಸಿಕೊಂಡ ನಾವು ಬೇರೆ, ಅವನನ್ನು ಬಿಟ್ಟ ನಾವು ಬೇರೆ. ಕರ್ತನ ಪ್ರಾರ್ಥನೆಯ 'ನಮ್ಮ ತಂದೆಯೇ' ಎಂಬುದಕ್ಕೆ ಬರಗಾ ಅವರ ಪುಸ್ತಕಗಳಲ್ಲಿರುವುದು 'ನೊಸ್ಸಿನಾನ್', ಅಂದರೆ ಕೇಳುವವನನ್ನು ಬಿಟ್ಟ 'ನಮ್ಮ'. ನಾನು ತಡವರಿಸುತ್ತಿದ್ದಂತೆ ನನ್ನಾಕೆಯೇ ಬಿಡಿಸಿದಳು: "ಸರಿನ ಐತಲ್ರೀ. ತೆಲುಗಿನ್ಯಾಗೂ 'ಮಾ ತಂಡ್ರೀ' ಅಂತಾರ, 'ಮನ ತಂಡ್ರೀ' ಅನ್ನಂಗಿಲ್ಲ. ದೇವರಿಗೆ ದೇವರೇ ಅಪ್ಪ ಆಗೂದಿಲ್ಲಲ್ಲ!" ಕನ್ನಡದ ಒಂದೇ 'ನಮ್ಮ' ಈ ತೊಡಕನ್ನು ಮುಚ್ಚಿಬಿಡುತ್ತದೆ. ಅನ್ಯಭಾಷೆಯವರು ಈ ಒಂದಕ್ಷರದಲ್ಲಿ ಎಡವಿದರೆ ದೇವರನ್ನೇ ಮಕ್ಕಳ ಸಾಲಿನಲ್ಲಿ ಕೂರಿಸಿದಂತೆ. ಅದನ್ನು ತಿದ್ದಿ ಹೇಳಿಕೊಟ್ಟ ಒಜಿಬ್ವೆಯರ ಹೆಸರು ಪುಸ್ತಕದ ಮುಖಪುಟದಲ್ಲಿಲ್ಲ.

ಹೊಗಳಿಕೆಗೆ ಇಲ್ಲಿ ಒಂದು ಮಿತಿಯೂ ಇದೆ. ಕೊಲ್ಲಿಯ ಪೂರ್ವ ದಡದಲ್ಲಿ ಮೆಥಡಿಸ್ಟರ ಮಿಷನ್ ಮೊದಲೇ ಇತ್ತು. ಒಂದೇ ಕುಲದವರು ಎರಡು ದಡಗಳಲ್ಲಿ ಎರಡು ಪ್ರಾರ್ಥನೆಗಳಿಗೆ ಹಂಚಿಹೋದರು. ಹಳೆಯ ಆಚಾರಗಳನ್ನು ಬರಗಾ ಅವರು ಸೈತಾನನ ಕೆಲಸವೆಂದೇ ಬಗೆದವರು. ಬಿಳಿಯ ವ್ಯಾಪಾರಿಗಳ ವಿಸ್ಕಿಯ ವಿರುದ್ಧ ಅವರು ನಿಂತ ನಿಲುವು, ಜನರ ಭಾಷೆಗೆ ಕೊಟ್ಟ ಗೌರವ, ಆ ಜನರ ದೇವರುಗಳಿಗೆ ಕೊಡದ ಗೌರವ, ಇವೆಲ್ಲ ಒಬ್ಬರಲ್ಲಿಯೇ ಇದ್ದವು. ಅಮೆರಿಕ ಸರ್ಕಾರದೊಡನೆ ಆದ 1842ರ ಒಪ್ಪಂದದಲ್ಲಿ ಒಜಿಬ್ವೆಯರ ತಾಮ್ರದ ನೆಲ ಕೈಬಿಟ್ಟಿತು, 1854ರ ಒಪ್ಪಂದದಲ್ಲಿ ಕೊಲ್ಲಿಯ ಸುತ್ತಣ ನೆಲ ಮೀಸಲಾಗಿ ಉಳಿಯಿತು; ಇಂದಿಗೂ ಅದು ಕೀವಿನಾ ಕೊಲ್ಲಿಯ ಒಜಿಬ್ವೆ ಸಮುದಾಯದ ನೆಲ.

ಐದನೆಯ ದಿನ: ಮ್ಯಾಡಲಿನ್ ದ್ವೀಪ

ಬೆಳಿಗ್ಗೆಯಿಂದ ಜಡಿಮಳೆ. ವಿಸ್ಕಾನ್ಸಿನ್ನಿನ ಬೇಫೀಲ್ಡ್ ತಲುಪಿ, ಕಾರನ್ನು ದೋಣಿಗೇರಿಸಿ ದ್ವೀಪಕ್ಕೆ ದಾಟಿದೆವು. ಬರಗಾ ಅವರು 1835ರ ಜುಲೈ 27ರಂದು ಇಲ್ಲಿನ ಲಾ ಪಾಯಿಂಟಿಗೆ ಬಂದಾಗ ಕಿಸೆಯಲ್ಲಿದ್ದದ್ದು ಮೂರೇ ಡಾಲರು ಎನ್ನುತ್ತಾರೆ. ತುಪ್ಪಳ ವ್ಯಾಪಾರದ ದೊಡ್ಡ ಠಾಣ್ಯ ಆಗ ಇದು. 1837ರಲ್ಲಿ ಯೂರೋಪಿನಿಂದ ಹಿಂತಿರುಗುವಾಗ ತಂಗಿ ಆಂಟೋನಿಯಾಳನ್ನು ಜೊತೆಗೆ ಕರೆತಂದರು. ಗಂಡನನ್ನು ಕಳೆದುಕೊಂಡಿದ್ದ, ಸುಖದಲ್ಲಿ ಬೆಳೆದ ಹೆಣ್ಣುಮಗಳು ಎರಡು ಚಳಿಗಾಲಗಳನ್ನು ಇಲ್ಲಿ ಕಳೆದು ಫಿಲಡೆಲ್ಫಿಯಾಗೆ ಹೊರಟುಹೋದಳು. ಅಣ್ಣನ ಬಗ್ಗೆ ಇಷ್ಟೊಂದು ಕಾಗದಗಳು ಉಳಿದಿವೆ. ಆಕೆಯ ಕಣ್ಣಿನಿಂದ ಈ ದ್ವೀಪ ಹೇಗೆ ಕಂಡಿತೆಂದು ಓದುವ ಆಸೆ ನನಗೆ ಹೆಚ್ಚು.

ಹಳೆಯ ಮಿಷನ್ನಿನ ಸ್ಮಶಾನದ ಬೇಲಿಯ ಹೊರಗೆ ನಿಂತೆವು. ಒಜಿಬ್ವೆಯರ ಮಹಾನಾಯಕ ಕಿಚೆವೈಷ್ಕೆ, ಇಂಗ್ಲಿಷಿನಲ್ಲಿ ಚೀಫ್ ಬಫಲೋ, ಇಲ್ಲಿ ಮಲಗಿದ್ದಾನೆ. ತನ್ನ ಜನರನ್ನು ಪಶ್ಚಿಮಕ್ಕೆ ಅಟ್ಟಬಾರದೆಂದು ಕೇಳಲು ಇಳಿವಯಸ್ಸಿನಲ್ಲಿ ವಾಷಿಂಗ್ಟನ್ನಿನವರೆಗೆ ಹೋಗಿಬಂದ ಆತ 1855ರಲ್ಲಿ, ಸಾಯುವ ಹೊತ್ತಿಗೆ ದೀಕ್ಷಾಸ್ನಾನ ಪಡೆದನಂತೆ. ಮಳೆ ಜೋರಾದ್ದರಿಂದ ಹೆಚ್ಚು ನಿಲ್ಲಲಾಗಲಿಲ್ಲ.

ಆರನೆಯ ದಿನ: ಶಿಲುಬೆಯ ಹೊಳೆ

ಡುಲುತ್ ದಾಟಿ ಮಿನ್ನೆಸೋಟಾದ ಉತ್ತರ ದಡ ಹಿಡಿದು ಎಂಬತ್ತು ಮೈಲಿ ಹೋದರೆ ಶ್ರೋಡರ್ ಎಂಬ ಸಣ್ಣ ಊರು. ಅಲ್ಲಿ ಹೆದ್ದಾರಿಯಿಂದ ಕೆಳಗಿಳಿದರೆ ಕ್ರಾಸ್ ರಿವರ್ ಸರೋವರಕ್ಕೆ ಸೇರುವ ಬಾಯಿಯಲ್ಲಿ ಗ್ರಾನೈಟಿನ ಶಿಲುಬೆಯೊಂದಿದೆ. 1840ರ ದಶಕದಲ್ಲಿ, ಉತ್ತರ ದಡದ ಒಜಿಬ್ವೆಯರಲ್ಲಿ ರೋಗ ಹಬ್ಬಿದ ಸುದ್ದಿ ಕೇಳಿ ಬರಗಾ ಅವರು ಲೂಯಿ ಗೋಡಾನ್ ಎಂಬ ಸ್ಥಳೀಯ ಅಂಬಿಗನೊಡನೆ ಚಿಕ್ಕ ದೋಣಿಯಲ್ಲಿ ಮ್ಯಾಡಲಿನ್ ದ್ವೀಪದಿಂದ ಹೊರಟರು. ದಡ ದಡಕ್ಕೆ ಕಾಣದಷ್ಟು ಅಗಲದ ನೀರು, ನಡುವೆ ಬಿರುಗಾಳಿ. ಗೋಡಾನ್ ಎದೆಗುಂದಿದರೂ ಪಾದ್ರಿ ನೇರ ನಡೆಸೆಂದರಂತೆ; ಅಲೆಯೊಂದು ದೋಣಿಯನ್ನು ಎತ್ತಿ ಬಂಡೆಗಳ ನಡುವಿನ ಈ ಹೊಳೆಬಾಯಿಗೆ ಹಾಕಿತಂತೆ. ಬದುಕಿದ್ದಕ್ಕೆ ಮರದ ಶಿಲುಬೆ ಕಟ್ಟಿ ನಿಲ್ಲಿಸಿದರು; ಈಗಿನ ಕಲ್ಲಿನದು ಅದರ ಜಾಗದಲ್ಲಿದೆ. ಕಥೆಯಲ್ಲಿ ಭಕ್ತಿಯ ನೀರು ಎಷ್ಟು ಬೆರೆತಿದೆಯೋ ಬೇರ್ಪಡಿಸಲು ನಾನು ಹೋಗುವುದಿಲ್ಲ, ಆದರೆ ದೋಣಿ ನಡೆಸಿದವನು ಗೋಡಾನ್.

ಮಳೆ ನಿಂತಿತ್ತು, ಗಾಳಿ ನಿಂತಿರಲಿಲ್ಲ. ದಕ್ಷಿಣದಲ್ಲಿ ನಾವು ನಿನ್ನೆ ಇದ್ದ ದ್ವೀಪ ಕಾಣುವುದೋ ಎಂದು ಕಣ್ಣು ಕಿರಿದು ಮಾಡಿ ನೋಡಿದೆ, ಬೂದುಬಣ್ಣದ ನೀರಷ್ಟೇ. ನನ್ನಾಕೆ ದಡದಲ್ಲಿ ಬಾಗಿ ಹರಳು ಆಯುತ್ತಿದ್ದಳು. ಕೆಂಪು ಗೀಟಿನದೊಂದನ್ನು ಅಂಗೈಯಲ್ಲಿಟ್ಟು ತೋರಿಸಿ, "ಇದನ್ನ ನೋಡೀನಿ ಅಂತ ಹೇಳೂದೋ, ಇವನ್ನ ನೋಡೀನಿ ಅಂತ ಹೇಳೂದೋ?" ಎಂದು ಕೇಳಿದಳು. ಕಾರಿನಲ್ಲಿದ್ದ ನಿಘಂಟನ್ನು ತರಲು ಹೋದೆ. ಮರಳಿ ಬರುವಷ್ಟರಲ್ಲಿ ಆಕೆ ಆ ಹರಳನ್ನು ನೀರಿನಂಚಿಗೆ ಇಟ್ಟು, ಶಾಲಿನ ತುದಿಯಿಂದ ಕೈ ಒರೆಸಿಕೊಳ್ಳುತ್ತಿದ್ದಳು.